ಕೆಳಗಿನ ಮನೆಯ ಗೆಜ್ಜೆ

ಗೆಜ್ಜೆಯ ಸದ್ದಿನ ಬಗ್ಗೆ ದೂರು ಹೇಳಲು ಕೆಳಗಿಳಿಯುವ ಮೊದಲು ಅವಳು ಕನ್ನಡಿಯ ಮುಂದೆ ನಿಂತು ಮಾತನ್ನು ಅಭ್ಯಾಸ ಮಾಡಿಕೊಂಡಿದ್ದಳು. ‘ತಪ್ಪು ತಿಳ್ಕೋಬೇಡಿ, ನಿಮ್ಮ ಮನೆಯವರಿಗೆ ಸ್ವಲ್ಪ ಹೇಳ್ತೀರಾ?’ ಇದ್ದದ್ದು ಇಷ್ಟೇ. ಆದರೂ ಮೆಟ್ಟಿಲ ಅರ್ಧದಲ್ಲಿ ನಿಂತು, ‘ಸ್ವಲ್ಪ’ ಎನ್ನುವುದನ್ನು ಮೊದಲೇ ಹಾಕಿದರೆ ಇನ್ನೂ ಮೆತ್ತಗಾಗುತ್ತದೆಯೇ ಎಂದು ಯೋಚಿಸಿದಳು.

ಅವಳ ಕೆಲಸವೇ ಕೇಳುವುದು. ಕಂಪನಿಗಳ ಮೀಟಿಂಗು, ವಕೀಲರ ವಿಚಾರಣೆ, ಡಾಕ್ಟರುಗಳ ಭಾಷಣ, ಯಾವುದರ ರೆಕಾರ್ಡಿಂಗ್ ಬಂದರೂ ಹೆಡ್‌ಫೋನ್ ಹಾಕಿಕೊಂಡು ಒಂದಕ್ಷರ ಬಿಡದೆ ಟೈಪ್ ಮಾಡಿ ಕಳಿಸಬೇಕು. ಯಾರಾದರೂ ಕೆಮ್ಮಿದರೆ ಕಂಸದೊಳಗೆ ‘ಕೆಮ್ಮು’, ನಕ್ಕರೆ ‘ನಗು’. ಮಾತು ಅಸ್ಪಷ್ಟವಾಗಿದ್ದರೆ ಊಹಿಸಿ ತುಂಬಿಸುವಂತಿಲ್ಲ. ‘ಕೇಳಿಸುತ್ತಿಲ್ಲ’ ಎಂದು ಬರೆಯಬೇಕು. ಕಳೆದ ವಾರ ಇನ್ಶೂರೆನ್ಸ್ ಕಂಪನಿಯೊಂದರ ಮೀಟಿಂಗಿನ ನಡುವೆ ಅವಳು ‘ಗೆಜ್ಜೆಯ ಸದ್ದು’ ಎಂದು ಟೈಪ್ ಮಾಡಿ ಕಳಿಸಿಬಿಟ್ಟಿದ್ದಳು. ನಮ್ಮ ಮ್ಯಾನೇಜರ್ ಎದ್ದು ಕುಣಿದರಾ ಎಂದು ಅಲ್ಲಿಂದ ಫೋನ್ ಬಂದಿತ್ತು.

ಬಾಗಿಲು ತೆರೆದವನು ಮೂಲೆಯ ಕನ್ನಡಕದ ಅಂಗಡಿಯವನು. ಅವನನ್ನು ರಸ್ತೆಯಲ್ಲಿ ನೋಡಿದ್ದಳು, ಮಾತಾಡಿಸಿರಲಿಲ್ಲ.

“ತಪ್ಪು ತಿಳ್ಕೋಬೇಡಿ, ನಿಮ್ಮ ಮನೆಯವರಿಗೆ ಸ್ವಲ್ಪ...”

“ಯಾವ ಮನೆಯವರು?”

“ಅದೇ, ಗೆಜ್ಜೆ ಕಟ್ಕೊಂಡು ಓಡಾಡ್ತಾರಲ್ಲ, ಅವರಿಗೆ.”

ಅವನು ಬಗ್ಗಿ ತನ್ನ ಕಾಲು ನೋಡಿಕೊಂಡ. ಅವಳೂ ನೋಡಿದಳು. ಮಡಚಿದ ಪ್ಯಾಂಟಿನ ಕೆಳಗೆ, ಕೂದಲು ತುಂಬಿದ ಬಲಗಾಲಿಗೆ, ಕಪ್ಪು ದಾರದಲ್ಲಿ ಪೋಣಿಸಿದ ಪುಟ್ಟ ಗೆಜ್ಜೆಗಳು.

“ಅವರು ನಾನೇ,” ಎಂದ.

ಅವನು ಒಂದು ಹೆಜ್ಜೆ ಹಿಂದೆ ಸರಿದ; ಗೆಜ್ಜೆ ಘಲ್ ಎಂದಿತು. ಆ ಸದ್ದಿನ ಎಳೆ ಹಿಡಿದಂತೆ ಒಳಕೋಣೆಯಿಂದ ಕಂದು ಬಣ್ಣದ ಮುದಿ ನಾಯಿಯೊಂದು ಬಂತು. ಗೋಡೆಗೆ ಮೈ ತಾಕಿಸದೆ, ಕುರ್ಚಿಯನ್ನು ಬಳಸಿಕೊಂಡು, ಅವಸರವಿಲ್ಲದೆ ಬಂದು ಅವನ ಮೊಣಕಾಲಿಗೆ ಹಣೆ ಒತ್ತಿ ನಿಂತಿತು. ಕಣ್ಣುಗಳಲ್ಲಿ ಹಾಲು ಕದಡಿದಂಥ ನೀಲಿ.

“ಇವನಿಗೆ ಕಣ್ಣು ಕಾಣಲ್ಲ. ನಾನೆಲ್ಲಿದೀನಿ ಅಂತ ಗೊತ್ತಾಗ್ಲಿ ಅಂತ ಇದು.”

ಅವಳ ನೋಟ ನಾಯಿಯಿಂದ ಅವನ ಮೂಗಿನ ಮೇಲಿದ್ದ ಕನ್ನಡಕಕ್ಕೆ ಹೋಯಿತು.

“ಹೇಳಿಬಿಡಿ,” ಎಂದ ಅವನು. “ಕನ್ನಡಕದಂಗಡಿಯವನ ನಾಯಿಗೇ ಕಣ್ಣಿಲ್ಲ. ಬೀದಿಯವರೆಲ್ಲ ಹೇಳಾಯ್ತು. ಹೊಸ ಜೋಕ್ ಇದ್ರೆ ಒಳಗೆ ಬನ್ನಿ, ಹಳೇದಾದ್ರೆ ಹೊರಗೇ ಹೇಳಿ.”

“ನನಗೆ ಜೋಕ್ ಬರಲ್ಲ,” ಎಂದಳು ಅವಳು, ಪ್ರಾಮಾಣಿಕವಾಗಿ.

“ಹಾಗಾದ್ರೂ ಬನ್ನಿ.”

ನಾಯಿಯ ಹೆಸರು ದೊರೆ. ದೊರೆಯ ಮನೆಯಲ್ಲಿ ಕೆಲವು ಕಾನೂನುಗಳಿದ್ದವು. ಕುರ್ಚಿಯನ್ನು ಎಳೆದರೆ ಅಲ್ಲಿಗೇ ವಾಪಸ್ ತಳ್ಳಬೇಕು. ಮುಟ್ಟುವ ಮೊದಲು ಮಾತಾಡಿಸಬೇಕು. ನೀರಿನ ಬಟ್ಟಲನ್ನು ತೊಳೆದರೂ ಅದೇ ಜಾಗದಲ್ಲಿ ಇಡಬೇಕು. ಮೇಜಿನ ಮೂಲೆಗಳಿಗೆಲ್ಲ ಸ್ಪಂಜು ಸುತ್ತಿತ್ತು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ಹಳೆಯ ಸ್ವೆಟರ್ ಒಂದು, ನೆಲ ಮುಟ್ಟುವಷ್ಟು ಜೋತುಬಿದ್ದಿತ್ತು.

ಎರಡನೆಯ ಸಲ ಅವಳು ಹೋದದ್ದು, ಮೊದಲ ಸಲ ತಾನು ಒರಟಾಗಿ ಮಾತಾಡಿದೆನೇನೋ ಎಂದು ಕ್ಷಮೆ ಕೇಳಲು. ಮೂರನೆಯ ಸಲಕ್ಕೆ ಕಾರಣ ಹುಡುಕಬೇಕಾಯಿತು. ಆಮೇಲೆ ಅವನೇ ಸಂಜೆ ಅಂಗಡಿ ಮುಚ್ಚಿ ಬಂದು ಕೆಳಗಿನಿಂದ, “ಮೇಲಿನ ಮನೆಯವರೇ, ದೊರೆಗಳು ವಾಕಿಂಗ್ ಹೊರಟ್ರು,” ಎಂದು ಕೂಗತೊಡಗಿದ. ರಸ್ತೆಯ ತುದಿಯ ಕಂಬದವರೆಗೆ ಹೋಗಿ ಬರುವುದಕ್ಕೆ ದೊರೆ ತೆಗೆದುಕೊಳ್ಳುತ್ತಿದ್ದ ಹೊತ್ತು ಬಹಳ. ಇಬ್ಬರಿಗೂ ಅದರಿಂದ ತೊಂದರೆಯಾಗಲಿಲ್ಲ.

ಮಾತಾಡುವಾಗ ಅವನು ಎದುರಿನವರ ಮೂಗಿನ ಸೇತುವೆಯನ್ನು, ಅಂದರೆ ಕನ್ನಡಕ ಕೂರುವ ಜಾಗವನ್ನು, ನೋಡುತ್ತಿದ್ದ. ಅದು ಅವನ ಕಸುಬಿನ ಚಾಳಿ.

“ನೀವು ನನ್ನ ಮುಖ ನೋಡ್ತಿದೀರೋ, ಫ್ರೇಮಿಗೆ ಅಳತೆ ತಗೋತಿದೀರೋ?” ಎಂದು ಒಂದು ದಿನ ಅವನ ಮನೆಯಲ್ಲಿ ಕೂತಿದ್ದಾಗ ಕೇಳಿಯೇಬಿಟ್ಟಳು.

“ನಿಮ್ಮ ಎಡಗಿವಿ ಬಲಗಿವಿಗಿಂತ ಚೂರು ಮೇಲಿದೆ.”

“ಏನು?”

“ಅದಕ್ಕೇ ಕನ್ನಡಕ ಸೊಟ್ಟ ಕೂತಿರೋದು. ಮೊದಲ ದಿನದಿಂದ ಹೇಳ್ಬೇಕು ಅಂತಿದ್ದೆ. ಕೊಡಿ.”

ಅವಳು ಕೊಡಲಿಲ್ಲ. ಅವನೇ ಎರಡೂ ಕೈಯಿಂದ ಮೆಲ್ಲಗೆ ತೆಗೆದ. ಕನ್ನಡಕ ಹೋದೊಡನೆ ಅವಳ ಪಾಲಿಗೆ ಕೋಣೆ ಬಣ್ಣಗಳ ಕಲೆಯಾಯಿತು. ಅವನು ಕಡ್ಡಿಯನ್ನು ಬಿಸಿನೀರಿನ ಲೋಟದಲ್ಲಿ ಅದ್ದಿದ, ಒರೆಸಿದ, ಬಗ್ಗಿಸಿದ. ಇವೆಲ್ಲ ಅವಳಿಗೆ ಕೇಳಿಸಿತಷ್ಟೆ. ಆಮೇಲೆ ಬೆಚ್ಚಗಿನ ಕಡ್ಡಿ ಕಿವಿಯ ಹಿಂದೆ ಕೂತಿತು. ಅದು ಸರಿಯಾಗಿದೆಯೇ ಎಂದು ನೋಡಲು ಅವನ ಬೆರಳು ಕಿವಿಯ ಬುಡದಲ್ಲಿ, ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ನಿಂತಿತು.

“ಈಗ ಕಾಣ್ತಿದೆಯಾ?”

ಅವನ ಮುಖ ಬಹಳ ಹತ್ತಿರದಲ್ಲಿತ್ತು.

“ಕಾಣ್ತಿದೆ,” ಎಂದಳು. ಬೇರೇನು ಹೇಳಬಹುದಿತ್ತು ಎಂದು ಆಮೇಲೆ ಮೇಲಿನ ಮನೆಯಲ್ಲಿ ಬಹಳ ಯೋಚಿಸಿದಳು.

ಅವನ ಅಕ್ಕ ಭಾನುವಾರ ಬರುತ್ತಿದ್ದಳು. ಮಂಡಿ ನೋವು, ಜೋರು ಬಾಯಿ. ಬಂದವಳು ಮೊದಲು ದೊರೆಯನ್ನು ಬೈದು, ಆಮೇಲೆ ತನ್ನ ತಟ್ಟೆಯಿಂದಲೇ ಅದಕ್ಕೆ ತಿನ್ನಿಸುತ್ತಿದ್ದಳು.

“ನೋಡಮ್ಮಾ, ನಿನಗೊಂದು ಮಾತು ಹೇಳಿರ್ತೀನಿ,” ಎಂದಳು ಒಮ್ಮೆ ಮೇಲಿನ ಮನೆಯವಳಿಗೆ, ತಮ್ಮನಿಗೆ ಕೇಳಿಸುವಂತೆಯೇ. “ಇವನಿಗೆ ಅಂತ ಒಂದು ಹುಡುಗೀನ ನೋಡಿದ್ದೆ. ಹೋಟೆಲಲ್ಲಿ ಭೇಟಿ. ಅವಳು ಕಾಫಿ ಬಾಯಿಗೆ ಇಟ್ಟಿಲ್ಲ, ಇವನು ನಾಯಿ ಕಣ್ಣಿಗೆ ಡ್ರಾಪ್ಸ್ ಹಾಕೋ ಹೊತ್ತಾಯ್ತು ಅಂತ ಎದ್ದು ಬಂದಿದಾನೆ.”

“ಬಿಲ್ ಕೊಟ್ಟು ಬಂದೆ ಅಕ್ಕ.”

“ದೊಡ್ಡ ಉಪಕಾರ! ಲೋ, ಆ ಮುದುಕ ಹೋಗೋವರೆಗೂ ನೀನು ಹೀಗೇನಾ?”

“ಹೀಗೇ,” ಎಂದ ಅವನು ನಗುತ್ತ. ಆದರೆ ಆ ನಗು ಮೇಲಿನ ಮನೆಯವಳ ಕಡೆ ತಿರುಗುವಷ್ಟರಲ್ಲಿ ಆರಿಹೋಗಿತ್ತು. ದೊರೆಯ ತಲೆಯ ಮೇಲೆ ಕೈ ಇಟ್ಟು, “ಇವನಿರೋವರೆಗೆ ಬೇರೆ ಏನಕ್ಕೂ ಜಾಗ ಇಲ್ಲ,” ಎಂದ. ಯಾರಿಗೆ ಹೇಳಿದನೆಂದು ಕೋಣೆಯಲ್ಲಿದ್ದ ಎಲ್ಲರಿಗೂ ತಿಳಿಯಿತು, ದೊರೆಯೊಂದನ್ನು ಬಿಟ್ಟು.

ಅವಳು ಅದನ್ನು ಮನಸ್ಸಿನಲ್ಲಿ ಬರೆದಂತೆಯೇ ಇಟ್ಟುಕೊಂಡಳು. ಜಾಗ ಇಲ್ಲ. ಆದರೂ ಸಂಜೆ ಕೂಗಿದರೆ ಇಳಿದು ಹೋಗುತ್ತಿದ್ದಳು.

ಮೇಲಿನಿಂದ ಕೇಳುವುದು ಅವಳಿಗೆ ಅಭ್ಯಾಸವಾಗಿತ್ತು. ಮೊದಲು ಗೆಜ್ಜೆ, ಅದರ ಹಿಂದೆಯೇ ದೊರೆಯ ಉಗುರುಗಳ ಟಕಟಕ. ಗೆಜ್ಜೆ ಅಡುಗೆಮನೆಗೆ ಹೋದರೆ ಉಗುರು ಅಡುಗೆಮನೆಗೆ. ಗೆಜ್ಜೆ ಬಚ್ಚಲಿಗೆ ಹೋದರೆ ಉಗುರು ಬಚ್ಚಲ ಬಾಗಿಲಿಗೆ. ಒಂದು ದಿನ ಗೆಜ್ಜೆ ನಡೆಯಿತು, ಉಗುರು ಹಿಂಬಾಲಿಸಲಿಲ್ಲ. ಮರುದಿನವೂ ಇಲ್ಲ. ಅವಳು ಹೆಡ್‌ಫೋನ್ ತೆಗೆದಿಟ್ಟು ನೆಲದ ಮೇಲೆ ಕೂತು ಕೇಳಿದಳು. ಗೆಜ್ಜೆ ತಾನೊಂದೇ ಮನೆಯೆಲ್ಲ ಸುತ್ತಿ, ಸರಿಯಾಗಿ ಅವಳ ಮೇಜಿನ ಕೆಳಗೆ ಬಂದು ನಿಲ್ಲುತ್ತಿತ್ತು.

ಹೇಳಬೇಕೋ ಬೇಡವೋ ಎಂದು ವಾರವಿಡೀ ತೂಗಿದಳು. ಹೇಳಿದರೆ ನೋವು. ಹೇಳದಿದ್ದರೆ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡ ತಪ್ಪು. ಕೊನೆಗೆ ವಾಕಿಂಗಿನಿಂದ ಬಂದ ಮೇಲೆ ಹೊಸಿಲಲ್ಲೇ ನಿಂತು ಹೇಳಿದಳು.

“ದೊರೆಗೆ ಕಿವಿಯೂ ಕೇಳಿಸ್ತಿಲ್ಲ ಅನ್ಸುತ್ತೆ.”

“ವಯಸ್ಸಾಯ್ತು. ಸೋಮಾರಿ ಆಗಿದಾನೆ.”

“ನೀವು ಈಗ ಅವನ ಹಿಂದೆನೇ ನಡೆದ್ರಿ. ಗೆಜ್ಜೆ ಅಷ್ಟು ಜೋರಾಗಿ ಆಯ್ತು. ಕಿವಿ ಅಲುಗಾಡಲಿಲ್ಲ.”

ಅವನ ಮುಖ ಕೆಂಪಾಯಿತು. “ನನ್ನ ನಾಯಿ ನನಗೆ ಗೊತ್ತಿಲ್ವಾ? ಮೇಲೆ ಕೂತ್ಕೊಂಡು ನಮ್ಮನೆ ಸದ್ದೆಲ್ಲ ಕೇಳಿಸ್ಕೋತಾ ಇರ್ತೀರಾ? ನಿಮಗೆ ಬೇರೆ ಕೆಲಸ ಇಲ್ವಾ?”

“ಕೇಳಿಸ್ಕೊಳ್ಳೋದೇ ನನ್ನ ಕೆಲಸ,” ಎಂದು ಹೇಳಿ ಅವಳು ಮೆಟ್ಟಿಲು ಹತ್ತಿದಳು.

ಅಂದಿನಿಂದ ಸಂಜೆಯ ಕೂಗು ನಿಂತಿತು. ಗೆಜ್ಜೆ ನಿಲ್ಲಲಿಲ್ಲ. ದಿನವೂ ಅಂಗಡಿ ಮುಚ್ಚಿದ ಹೊತ್ತಿಗೆ ಅದು ಶುರುವಾಗುತ್ತಿತ್ತು. ಒಂಟಿಯಾಗಿ ನಡೆದು, ಅವಳ ಮೇಜಿನ ಕೆಳಗೆ ಬಂದು ಸುಮ್ಮನಾಗುತ್ತಿತ್ತು. ಎಂಥ ಹಟಮಾರಿ ಎಂದುಕೊಂಡಳು. ಒಪ್ಪಿಕೊಳ್ಳಲಾರ, ಬಿಚ್ಚಿಡಲಾರ.

ಒಂದು ಬೆಳಿಗ್ಗೆ ಆ ಗೆಜ್ಜೆ ಮೆಟ್ಟಿಲು ಹತ್ತಿ ಬಂತು. ಬಾಗಿಲು ತೆರೆದರೆ ಅವನು. ಕ್ಷೌರ ಮಾಡಿಕೊಂಡಿರಲಿಲ್ಲ.

“ಅಕ್ಕನಿಗೆ ಇವತ್ತು ಮಂಡಿ ಆಪರೇಷನ್. ಸಂಜೆವರೆಗೂ ನಾನು ಆಸ್ಪತ್ರೇಲಿ ಇರ್ಬೇಕು. ದೊರೇನ... ಕೇಳೋಕೆ ನನಗೆ ಮುಖ ಇಲ್ಲ.”

“ಕೀ ಕೊಡಿ. ಕಾಲಲ್ಲಿ ಅದು ಹಾಗೇ ಇದೆ. ಆಸ್ಪತ್ರೆಗೂ ಕಟ್ಕೊಂಡು ಹೋಗ್ತೀರಾ?”

“ಬಿಚ್ಚೋಕೆ ಮರೆತೆ,” ಎಂದವನು ಕೀ ಕೊಟ್ಟು, ಏನೇನು ಮಾಡಬೇಕೆಂದು ಹೇಳಿ, ಬಿಚ್ಚದೆಯೇ ಹೊರಟುಹೋದ.

ಅವಳು ಎಲ್ಲವನ್ನೂ ಹೇಳಿದಂತೆ ಮಾಡಿದಳು. ಬಿಸಿನೀರು ಬೆರೆಸಿ ಊಟ ಕಲಸಿದಳು, ಕಣ್ಣಿಗೆ ಡ್ರಾಪ್ಸ್ ಹಾಕಿದಳು, ಬಟ್ಟಲನ್ನು ಅದೇ ಜಾಗದಲ್ಲಿ ಇಟ್ಟಳು. ದೊರೆ ತಿಂದು ತನ್ನ ಹಾಸಿಗೆಯಲ್ಲಿ ಮಲಗಿತು. ಕೈ ಖಾಲಿಯಾದಾಗ ಅವಳ ಕಣ್ಣಿಗೆ ಆ ಸ್ವೆಟರ್ ಬಿತ್ತು. ಎಣ್ಣೆ, ಧೂಳು, ನಾಯಿಯ ಕೂದಲು. ಜಗಳವಾಡಿದ ಮನುಷ್ಯನಿಗೆ ಮಾತಿನಲ್ಲಿ ಸಮಾಧಾನ ಹೇಳಲು ಅವಳಿಗೆ ಬರುತ್ತಿರಲಿಲ್ಲ. ಬಟ್ಟೆ ಒಗೆಯಲು ಬರುತ್ತಿತ್ತು. ಚೆನ್ನಾಗಿ ಸೋಪು ಹಾಕಿ ತಿಕ್ಕಿ, ಹಿಂಡಿ, ಬಿಸಿಲಲ್ಲಿ ಒಣಗಿಸಿ, ಅದೇ ಮೊಳೆಗೆ, ಅದೇ ಮಡಿಕೆಯಲ್ಲಿ, ಅದೇ ತೋಳು ನೆಲ ಮುಟ್ಟುವಂತೆ ತೂಗುಹಾಕಿದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಯಾವ ವ್ಯತ್ಯಾಸವೂ ಕಾಣಲಿಲ್ಲ.

ದೊರೆ ನೀರಿಗೆಂದು ಎದ್ದು ಬಂತು. ಸ್ವೆಟರಿನ ಹತ್ತಿರ ಮೂಗು ಎತ್ತಿತು. ತಿರುಗಬೇಕಾದಲ್ಲಿ ತಿರುಗಲಿಲ್ಲ. ನೇರ ಹೋಗಿ ಫ್ರಿಜ್ಜಿಗೆ ಮುಖ ಹೊಡೆದುಕೊಂಡಿತು; ಪಕ್ಕಕ್ಕೆ ಸರಿದು ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಗೆ ಹೊಕ್ಕಿತು. ನಾಯಿಗೆ ಹಿಂದಕ್ಕೆ ನಡೆಯುವುದು ನೆನಪಿರಲಿಲ್ಲ. ಅಲ್ಲೇ ನಡುಗುತ್ತ ನಿಂತಿತು.

ಆಗ ಅವಳಿಗೆ ತಾನು ಮಾಡಿದ್ದು ಅರ್ಥವಾಯಿತು. ಅದು ಬಟ್ಟೆಯಾಗಿರಲಿಲ್ಲ. ಅಡುಗೆಮನೆ ಇಲ್ಲಿದೆ ಎಂದು ವಾಸನೆಯಲ್ಲಿ ಬರೆದ ಬೋರ್ಡು ಅದು. ಅವಳು ಅದನ್ನು ಅಳಿಸಿ, ಬರೀ ಹಲಗೆಯನ್ನು ಮತ್ತೆ ನೇತುಹಾಕಿದ್ದಳು, ನೀಟಾಗಿ.

ಕೂಗಿ ಪ್ರಯೋಜನವಿರಲಿಲ್ಲ. ಅವಳು ನೆಲದ ಮೇಲೆ ಹೊಟ್ಟೆ ಊರಿ ಸಂದಿಯೊಳಗೆ ಕೈ ಚಾಚಿ, ಹಿಂಗಾಲನ್ನು ಮೆಲ್ಲಗೆ ಮುಟ್ಟಿದಳು. ದೊರೆ ಬೆಚ್ಚಿತು. ಅಂಗೈಯನ್ನು ಅಲ್ಲೇ ಇಟ್ಟು ಕಾದಳು. ನಡುಕ ಕಡಿಮೆಯಾದ ಮೇಲೆ ಸೊಂಟ ಹಿಡಿದು ಇಂಚಿಂಚೇ ಹೊರಗೆಳೆದಳು. ಹೊರಬಂದ ನಾಯಿ ಅವಳ ಮಣಿಕಟ್ಟು ಮೂಸಿತು, ಕತ್ತು ಮೂಸಿತು, ಹೊದ್ದಿದ್ದ ಶಾಲಿನಲ್ಲಿ ಮೂಗು ಹುದುಗಿಸಿ ಬಿಸಿಯುಸಿರು ಬಿಟ್ಟಿತು.

ಅವಳು ಸ್ವೆಟರನ್ನು ಇಳಿಸಿ, ತನ್ನ ಶಾಲನ್ನು ಮೊಳೆಗೆ ಹಾಕಿದಳು. ಆಮೇಲೆ ಮಂಡಿಯೂರಿ ತೆವಳುತ್ತ ದೊರೆಯನ್ನು ಹಾಸಿಗೆಯಿಂದ ಶಾಲಿಗೆ, ಶಾಲಿನಿಂದ ಬಟ್ಟಲಿಗೆ ಕರೆದೊಯ್ದಳು. ವಾಪಸ್ಸು ಬಂದಳು. ಮತ್ತೆ ಹೋದಳು. ಮಧ್ಯಾಹ್ನದ ಉಳಿದ ಹೊತ್ತೆಲ್ಲ ಇದೇ ಆಯಿತು.

ಸಂಜೆ ಗೆಜ್ಜೆ ಬಾಗಿಲಿಗೆ ಬಂದಾಗ ಅವಳು ಇನ್ನೂ ನೆಲದ ಮೇಲೆಯೇ ಇದ್ದಳು. ಮೂಲೆಯಲ್ಲಿ ತನ್ನಷ್ಟಕ್ಕೆ ಕೂತಿದ್ದ ದೊರೆಗೆ ಅವನು ಬಂದದ್ದು ತಿಳಿಯಲಿಲ್ಲ.

“ಅಕ್ಕ ಚೆನ್ನಾಗಿದಾಳೆ. ಆಗಲೇ ನರ್ಸನ್ನ ಬೈತಿದಾಳೆ,” ಎಂದ. ಆಮೇಲೆ ಅವನ ಕಣ್ಣು ಮೊಳೆಯ ಮೇಲಿನ ಶಾಲಿಗೆ ಹೋಯಿತು.

“ಸ್ವೆಟರ್ ಒಗೆದುಬಿಟ್ಟೆ,” ಎಂದಳು. ಬೇಗ ಬೇಗ ಎಲ್ಲ ಹೇಳಿದಳು, ಫ್ರಿಜ್ಜು, ಸಂದಿ, ನಡುಕ, ಏನನ್ನೂ ಬಿಡದೆ. “ಬೈದುಬಿಡಿ. ಆಮೇಲೆ ನಾನು ಹೋಗ್ತೀನಿ.”

ಅವನು ಬೈಯಲಿಲ್ಲ. ಗೋಡೆಗೆ ಒರಗಿ ಅವಳ ಎದುರಿಗೆ ನೆಲದ ಮೇಲೆ ಕೂತ. ಪ್ಯಾಂಟಿನ ಅಂಚು ಎತ್ತಿ ಗಂಟು ಬಿಚ್ಚತೊಡಗಿದ.

“ಇವನಿಗೆ ಕೇಳಿಸಲ್ಲ ಅಂತ ನೀವು ಹೇಳೋಕೂ ಎಷ್ಟೋ ಮುಂಚೆನೇ ನನಗೆ ಗೊತ್ತಿತ್ತು.”

“ಮತ್ತೆ ಯಾಕೆ ಕಟ್ಕೊಂಡಿದ್ರಿ?”

ಗಂಟು ಬಿಗಿಯಾಗಿತ್ತು. ಅವನು ತಲೆ ಎತ್ತದೆ ಅದರೊಂದಿಗೆ ಹೆಣಗಿದ.

“ಮೇಲೆ ಒಬ್ಬರಿಗೆ ಕೇಳಿಸ್ತಿತ್ತಲ್ಲ.”

ಗೆಜ್ಜೆ ತನ್ನ ಮೇಜಿನ ಕೆಳಗೆ ಬಂದು ನಿಲ್ಲುತ್ತಿದ್ದ ಅಷ್ಟೂ ಸಂಜೆಗಳನ್ನು ಅವಳು ಮನಸ್ಸಿನಲ್ಲಿ ಹಿಂದಕ್ಕೆ ತಿರುಗಿಸಿ, ಇನ್ನೊಮ್ಮೆ ಕೇಳಬೇಕಾಯಿತು.

“ಅವತ್ತು ಅಷ್ಟು ಜೋರು ಮಾಡಿದ್ರಿ.”

“ಸಿಕ್ಕಿಹಾಕ್ಕೊಂಡೆ ಅಂತ ಭಯ ಆಯ್ತು.”

“ಜಾಗ ಇಲ್ಲ ಅಂದಿದ್ರಿ.”

“ಅಂದಿದ್ದೆ.” ಕಡೆಗೂ ಗಂಟು ಸಡಿಲಾಯಿತು. ಗೆಜ್ಜೆಗಳನ್ನು ಅವನು ಅವಳ ಅಂಗೈಯಲ್ಲಿಟ್ಟ. ಅವನ ನೋಟ ಈ ಸಲ ಅವಳ ಮೂಗಿನ ಸೇತುವೆಯಲ್ಲಿ ನಿಲ್ಲದೆ ಕಣ್ಣಿಗೇ ಬಂತು. “ಒಂದು ಮೊಳೆಯಷ್ಟು ಜಾಗ ಇದೆ.”

ಅವಳು ಎದ್ದಳು. “ಮೇಲೆ ಚಳಿ ಇರುತ್ತೆ. ನನ್ನ ಶಾಲು...”

“ಅದನ್ನ ಇನ್ನು ತೆಗೆಯೋ ಹಾಗಿಲ್ಲ. ಇವನಿಗೆ ದಾರಿ ತಪ್ಪುತ್ತೆ.”

“ಇವನಿಗೆ ಮಾತ್ರಾನಾ?”

ಅವನು ಹೇಳಿದ್ದು ಬಹಳ ಮೆಲ್ಲಗಿತ್ತು. ಬೇರೆ ಯಾರಾದರೂ ಆಗಿದ್ದರೆ ‘ಕೇಳಿಸುತ್ತಿಲ್ಲ’ ಎಂದು ಬರೆಯುತ್ತಿದ್ದರು. ಅವಳಿಗೆ ಕೇಳಿಸಿತು. ಹೊರಡಲೆಂದು ಎದ್ದವಳು ಮತ್ತೆ ಕೂತಳು, ಈ ಸಲ ಅವನ ಪಕ್ಕದಲ್ಲಿ.

ದೊರೆ ಎದ್ದು ಮೈ ಕೊಡವಿತು. ಇಬ್ಬರ ಚಾಚಿದ ಕಾಲುಗಳನ್ನು ಮೂಸಿ, ದಾಟಿ, ಅಡುಗೆಮನೆಯ ಬಾಗಿಲವರೆಗೆ ನಡೆಯಿತು. ಶಾಲಿನ ಅಂಚಿಗೆ ಮೂಗು ತಾಕಿಸಿ ಒಂದು ಕ್ಷಣ ನಿಂತಿತು. ತಿರುಗಬೇಕಾದಲ್ಲಿ ತಿರುಗಿತು. ಒಳಗಿನಿಂದ ಅದು ನೀರು ಕುಡಿಯುವ ಸದ್ದು ಬಂತು.