ಸೋಪು ಹಚ್ಚಿ ತೆಗೆದ ಉಂಗುರ

"ಇನ್ನೊಸಿ ಸೋಪಾಕಿ," ಅಂದಳು ಮಾದೇವಿ.

ಶಿವಶಂಕರ ಅವಳ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ತಿರುವಿದ. ಹೋದ ತಿಂಗಳು ನಿಶ್ಚಿತಾರ್ಥದಲ್ಲಿ ಅವನೇ ತೊಡಿಸಿದ್ದ ಉಂಗುರ, ಗೆಣ್ಣಿನ ಹತ್ತಿರ ಮೊಂಡು ಹಿಡಿದು ನಿಂತಿತ್ತು.

"ಆಕುವಾಗ ಸಲೀಸಾಗಿ ಓಯ್ತಲ್ಲ?"

"ಆವತ್ತು ನೀವು ಬೆರಳ ನೋಡ್ತಿದ್ರಿ. ಇವತ್ತು ಮೊಕ ನೋಡ್ತಿದೀರಿ."

ಅವನು ನಕ್ಕ. ಉಂಗುರ ಜಾರಿ ಅವನ ಅಂಗೈಗೆ ಬಿತ್ತು. ಬೆರಳನ್ನು ಮಾತ್ರ ಅವನು ಬಿಡಲಿಲ್ಲ.

ಮೈಸೂರಿನ ಈ ಸ್ಕ್ಯಾನ್ ಸೆಂಟರಿಗೆ ಬರಲೇಬೇಕೆಂದು ಹಟ ಹಿಡಿದವನೂ ಅವನೇ. ಧನಗೆರೆಯ ತಿರುವಿನಲ್ಲಿ ಅವನ ಟಿವಿಎಸ್ಸಿನಿಂದ ಇಬ್ಬರೂ ಬಿದ್ದ ಮೇಲೆ ಅವಳ ಸೊಂಟದ ನೋವು ಇಳಿದಿರಲಿಲ್ಲ.

ಎಂಆರ್‌ಐ ಕೋಣೆಯ ಬಾಗಿಲಲ್ಲಿ ಟೆಕ್ನಿಷಿಯನ್ ಕೇಳಿದಳು: "ಒಳಗಿರೋದು ದೊಡ್ಡ ಅಯಸ್ಕಾಂತ. ಆಪರೇಷನ್ ಮಾಡಿ ಮೈಯೊಳಗೆ ಏನಾದ್ರೂ ಹಾಕಿದ್ದಾರಾ?"

"ಏನೂ ಇಲ್ಲ ಕಣವ್ವ," ಅಂದಳು ಜೊತೆಗೆ ಬಂದಿದ್ದ ಮಾದೇವಿಯ ಚಿಕ್ಕವ್ವ ರಾಚಮ್ಮ, ಅವಳ ತೋಳು ಚಿವುಟುತ್ತ. ಮದುವೆ ಮುಗಿಯುವ ತನಕ ವಿಷಯ ಗಂಡಿನ ಕಡೆಯವರಿಗೆ ತಿಳಿಯಬಾರದೆಂದು ಅವಳಿಂದ ಆಣೆ ಮಾಡಿಸಿದ್ದಳು.

ಬಾಗಿಲು ತೆರೆಯಿತು. ಒಳಗಿನಿಂದ ಚಿಕ್ ಚಿಕ್ ಸದ್ದು. ಮಾದೇವಿ ಹೆಜ್ಜೆಯೆತ್ತಿದವಳು ಅಲ್ಲೇ ನಿಂತು, ಎಡ ಕೊರಳೆಲುಬಿನ ಕೆಳಗೆ ಕೈಯಿಟ್ಟುಕೊಂಡಳು.

"ಅದೆ. ಪೇಸ್‌ಮೇಕರ್. ಎದೆ ಬಡ್ಕಳಾದು ನಿಧಾನ ಅಂತ ಆಕವ್ರೆ."

ಟೆಕ್ನಿಷಿಯನ್ ಅವಳನ್ನು ಹಿಂದಕ್ಕೆಳೆದು ಬಾಗಿಲು ಮುಚ್ಚಿದಳು. "ಒಳಗೆ ಹೋಗಿದ್ರೆ ಅದು ಕೆಟ್ಟು, ಎದೆಬಡಿತಾನೇ ನಿಂತುಹೋಗಬಹುದಿತ್ತು! ನಿಮಗೆ ಈ ಸ್ಕ್ಯಾನ್ ಮಾಡೋ ಹಾಗಿಲ್ಲ. ಡಾಕ್ಟರಿಗೆ ನಿಜ ಹೇಳಿ, ಬೇರೆ ಬರೆದುಕೊಡ್ತಾರೆ."

ಶಿವಶಂಕರ ಇಬ್ಬರನ್ನೂ ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನವರೆಗೆ ಕರೆತಂದ. ಅವನು ಯಳಂದೂರಿನ ಬಸ್ ಹಿಡಿಯಬೇಕು, ಅವಳು ಕಾಮಗೆರೆಗೆ ಹನೂರಿನ ಬಸ್. ರಾಚಮ್ಮ ಸೀಟು ಹಿಡಿಯಲು ಹತ್ತಿದ್ದಳು.

"ನಾನೇ ಎಳ್ಕಂಡೋಗಿ ಆ ಬಾಗ್ಲಲ್ಲಿ ನಿಲ್ಲಿಸ್ದೆ. ಸತ್ತೋಗಿದ್ರೆ?"

"ಸತ್ತಿಲ್ವಲ್ಲ. ಮುಟ್ಟಿ ನೋಡಿ."

ಅವಳು ಮಣಿಕಟ್ಟು ಚಾಚಿದಳು. ಅವನ ಬೆರಳು ನಾಡಿಯ ಮೇಲೆ ಕೂತಿತು. ಆ ಬಡಿತ ಮಿಷನ್ನಿನದೋ ಅವಳದೋ ಅವನಿಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ.

"ನಂಗೆ ನೀನೇ ಬೇಕು ಕಣೆ," ಅಂದ. ಜೇಬಿನಿಂದ ಉಂಗುರ ತೆಗೆದ. "ನಮ್ಮವ್ವಂಗೆ ಮಾತ್ರ ಏಳಾದು ಬ್ಯಾಡ. ಸಂಬಂಧ ಮುರ್ದಾಕ್ಬುಡ್ತಾಳೆ. ಮದ್ವೆ ಆಗೋಗ್ಲಿ."

ಮಾದೇವಿ ಕೈ ಹಿಂದಕ್ಕೆಳೆದುಕೊಂಡಳು.

"ನಾಳೆ ನಿಮ್ಮನೇಲಿ ಎಚ್ರ ತಪ್ಪಿ ಬಿದ್ದೆ ಅನ್ಕಳಿ. ನೀವು ಊರಲ್ಲಿಲ್ಲ. ನಿಮ್ಮವ್ವ ಆಸ್ಪತ್ರೆಗೆ ಕರ್ಕಂಡೋಯ್ತಾರೆ. ಮೈಯೊಳ್ಗೆ ಏನಾದ್ರೂ ಅದಾ ಅಂತ ಡಾಕ್ಟ್ರು ಕೇಳ್ತಾರೆ. ಅವ್ರು ಏನಂತಾರೆ?"

ಅವನು ಉಂಗುರವನ್ನೇ ನೋಡಿದ. ಕಂಡಕ್ಟರ್ ವಿಸಿಲ್ ಊದಿದ.

"ಆಮೇಲೆ ನೋಡ್ಕಳಣ. ಬೆರಳು ನೀಡು, ಮಾದೇವಿ."

ಬೆಳಿಗ್ಗೆ ನಲ್ಲಿಯ ಬಳಿ ನೋಡಿದಷ್ಟೇ ಪ್ರೀತಿಯಿಂದ ಅವಳು ಅವನನ್ನು ನೋಡಿದಳು.

"ಇಲ್ಲ," ಅಂದಳು. "ನಿಮ್ಮವ್ವಂಗೆ ಏಳೋ ಗಂಟ ಉಂಗ್ರ ಆಕಿಸ್ಕಳಾಕಿಲ್ಲ."