ಅಂಚಿನಲ್ಲಿ ನಿಂತವರು

ತಪ್ಪು ಕ್ಯಾಮೆರಾದ್ದೇ ಎಂದು ನಾನು ಇವತ್ತಿಗೂ ಹೇಳಿಕೊಂಡು ತಿರುಗುತ್ತೇನೆ. ೨೦೦೯ರಲ್ಲಿ ರಾಣೆಬೆನ್ನೂರಿನ ನನ್ನ ಸ್ಟುಡಿಯೋಗೆ ಕಡಿಮೆ ದರದ ಡಿಜಿಟಲ್ ಕ್ಯಾಮೆರಾ ತಂದಿದ್ದೆ. ಅದರ ವ್ಯೂಫೈಂಡರಿಗೆ ಕಣ್ಣಿಟ್ಟರೆ ನೋಟ ಮಂಕು, ಫೋಟೋದ ಅಂಚೂ ಪೂರ್ತಿ ಕಾಣುವುದಿಲ್ಲ. ಲೈವ್ ವ್ಯೂ ಹಾಕಿದರೆ ಹಿಂದಿನ ಪರದೆಯಲ್ಲಿ ಎಲ್ಲವೂ ಕಾಣುತ್ತದೆ. ಆದರೆ ಫೋಕಸ್ ನಿಧಾನ, ಕ್ಯಾಮೆರಾ ಬಿಸಿಯಾಗುತ್ತದೆ.

ಕುಪ್ಪೇಲೂರಿನ ರುದ್ರಮುನಿಯವರ ತಾಯಿ ಕರೆವ್ವ ತೀರಿಕೊಂಡಾಗ ನನ್ನನ್ನು ಕರೆಸಿದರು. ಅವರಲ್ಲಿ ಹೆಣವನ್ನು ಕೂರಿಸಿ, ವಿಭೂತಿ ಹಚ್ಚಿ, ಮನೆಯವರೆಲ್ಲ ಸುತ್ತ ನಿಂತು ಕೊನೆಯ ಫೋಟೋ ತೆಗೆಸುತ್ತಾರೆ. ಪಡಸಾಲೆಗೆ ಮಧ್ಯಾಹ್ನದ ಬಿಸಿಲು ಬಿದ್ದಿತ್ತು. ಭಜನೆ ನಡೆದಿತ್ತು.

ವ್ಯೂಫೈಂಡರಿನಲ್ಲಿ ಎಲ್ಲ ಸರಿಯಿತ್ತು. ಲೈವ್ ವ್ಯೂ ಹಾಕಿದೆ. ಸಾಲಿನ ಕೊನೆಗಿದ್ದ ಸೊಸೆ ಸುರೇಖಕ್ಕನ ಪಕ್ಕ, ಪರದೆಯ ಅಂಚಿನಲ್ಲಿ, ಹಸಿರು ಸೆರಗೊಂದು ಅಲ್ಲಾಡುತ್ತಿತ್ತು. ಯಾರೋ ಅರ್ಧ ಹೊರಗೆ ನಿಂತಿದ್ದಾರೆಂದು ರೂಢಿಯಂತೆ ಕೂಗಿದೆ: "ಅಂಚಿನಾಗ ನಿಂತವ್ರು ಸ್ವಲ್ಪ ಒಳಗ ಬರ್ರಿ."

ಭಜನೆಯ ತಾಳ ನಿಂತಿತು. ಕೈಯಲ್ಲಿದ್ದ ಕ್ಯಾಮೆರಾ ಬಾವಿಯ ಕಲ್ಲಿನಂತೆ ತಣ್ಣಗಾಗಿತ್ತು. ಸುರೇಖಕ್ಕ ಒಂದು ಹೆಜ್ಜೆ ಸರಿದು ಜಾಗ ಬಿಟ್ಟಳು.

ತಲೆ ಎತ್ತಿ ನೋಡಿದೆ. ಅವಳ ಪಕ್ಕ ಬರೀ ಗೋಡೆ.

"ಯಾರಿಗ್ರಿ ಅಕ್ಕಾರ, ಜಾಗ ಬಿಟ್ಟಿದ್ದು?"

"ನೀವ ಕರದ್ರಲ್ರಿ," ಎಂದಳು, ಪಕ್ಕಕ್ಕೆ ತಿರುಗದೆ.

ಒಂದೇ ಫೋಟೋ ತೆಗೆದೆ. ಅದು ಈಗಲೂ ಅವರ ಪಡಸಾಲೆಯಲ್ಲಿ ತೂಗುತ್ತಿದೆ. ಅದರಲ್ಲಿ ಹಸಿರು ಸೀರೆಯವರು ಯಾರೂ ಇಲ್ಲ, ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇದೆ. ಆ ಜಾಗದ ಕಡೆಗಿರುವ ಸುರೇಖಕ್ಕನ ಹೆಗಲ ಮೇಲೆ ಸೆರಗು ಮಾತ್ರ, ಯಾರೋ ಕೈಯಿಟ್ಟಂತೆ, ನಾಲ್ಕು ಬೆರಳಗಲ ಒತ್ತಿಹೋಗಿದೆ.