ರನ್‌ವೇ ಮೇಲಿನ ಹದ್ದುಗಳು

ವಿಮಾನದ ಮುಂಗಾಜು ಒಡೆದುಕೊಂಡು ಹದ್ದು ಒಳಗೆ ಬಂದು ಬಿದ್ದಿತ್ತು. ಸಹಪೈಲಟ್ ಸೀಟಿನ ತುಂಬ ಗಾಜಿನ ಚೂರು, ರಕ್ತ, ಕಂದು ಪುಕ್ಕ. ಹಿರಿಯ ಪೈಲಟ್ ಹೇಗೋ ವಿಮಾನ ತಿರುಗಿಸಿ ಇಳಿಸಿದ್ದ. ಸಹಪೈಲಟ್ ಹುಡುಗಿಯನ್ನು ಸ್ಟ್ರೆಚರ್ ಮೇಲೆ ಇಳಿಸಿದರು. ಎಡಗಣ್ಣು ಉಳಿಯುವುದಿಲ್ಲ ಎಂದು ಡಾಕ್ಟರು ಅಂದೇ ಹೇಳಿಬಿಟ್ಟರು.

ಅದು ದಿನನಿತ್ಯದ ಹಾರಾಟವಲ್ಲ. ಆ ಊರಿಗೆ ಎರಡು ವಿಮಾನ ನಿಲ್ದಾಣ. ಹಳೆಯದು ಊರೊಳಗೆ, ಹೊಸದು ಊರಾಚೆ. ವಿದೇಶಕ್ಕೆ ಹೋಗುವ ವಿಮಾನಗಳೆಲ್ಲ ಹೊಸದರಿಂದಲೇ, ಅವೆಲ್ಲ ದೊಡ್ಡ ಕಂಪನಿಯವೇ. ಹಳೆಯದರಲ್ಲಿ ಸಣ್ಣ ಕಂಪನಿಯೊಂದು ಅಕ್ಕಪಕ್ಕದ ಊರುಗಳಿಗೆ ಹಾರಾಡಿಕೊಂಡು ಬದುಕಿತ್ತು. ಈಗ ಅದಕ್ಕೂ ವಿದೇಶದ ಪರವಾನಗಿ ಸಿಗುವುದರಲ್ಲಿತ್ತು. ತಡೆಯಲು ಕೋರ್ಟಿಗೆ ಹೋದ ದೊಡ್ಡ ಕಂಪನಿ ಸೋತು ಬಂದಿತ್ತು. ಪರವಾನಗಿ ಕೊಡುವ ಅಧಿಕಾರಿಗಳು ನೋಡುತ್ತಿದ್ದ ಪರೀಕ್ಷಾ ಹಾರಾಟದಲ್ಲೇ ಹದ್ದು ಬಡಿದಿತ್ತು.

ಮರುದಿನ ಹೊತ್ತೇರುವ ಮೊದಲೇ ಅಪರಾಧಿ ಸಿಕ್ಕಿಬಿಟ್ಟ. ದೊಡ್ಡವರ ತಪ್ಪು ಹುಡುಕಲು ಸಮಿತಿ ಬೇಕು, ವರದಿ ಬೇಕು, ವರ್ಷಗಳು ಬೇಕು. ಬಡವನ ತಪ್ಪಿಗೆ ಒಂದು ಬೆಳಗು ಸಾಕು. ರನ್‌ವೇ ಬದಿಯಲ್ಲಿ ಪಟಾಕಿ ಹೊಡೆದು ಹಕ್ಕಿ ಓಡಿಸುವುದು ಅವನ ಕೆಲಸ. ಎಲ್ಲರೂ ಅವನನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಅವನು ಗಾಡಿಯಲ್ಲಿ ನಿದ್ದೆ ಹೊಡೆಯುತ್ತಿದ್ದ ಎಂದು ಹಳೇ ನಿಲ್ದಾಣದ ಸುರಕ್ಷಾಧಿಕಾರಿ ಟಿವಿಯವರ ಮುಂದೆ ಹೇಳಿದ. ಪಟಾಕಿಯ ಕೈಗೆ ಕೋಳ ಬಿತ್ತು.

ಕೇಸು ಇನ್‌ಸ್ಪೆಕ್ಟರ್ ಮೇಜಿಗೆ ಬಂತು. ಆಕೆಗೆ ಸಿಟ್ಟು ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ಮೇಲಧಿಕಾರಿ ಫೋನ್ ಮಾಡಿದರು.

"ಬೇಗ ಮುಗಿಸಮ್ಮ. ಹಿಡಿದಾಗಿದೆಯಲ್ಲ."

"ಹಿಡಿದಿದ್ದೀವಿ ಸಾರ್. ಇನ್ನೂ ಹುಡುಕಿಲ್ಲ."

\* \* \*

ಮೊದಲು ಆಸ್ಪತ್ರೆಗೆ ಹೋದಳು. ವಾರ್ಡಿನ ಹೊರಗೆ ಬೆಂಚಿನ ಮೇಲೆ ಹುಡುಗಿಯ ತಾಯಿ ಮಗಳ ಟೋಪಿ ಹಿಡಿದು ಕೂತಿದ್ದರು. ನಿದ್ದೆ ಮಾಡಿ ನನ್ನ ಮಗಳ ಕಣ್ಣು ತೆಗೆದ, ಅವನ ಮನೆ ಹಾಳಾಗಲಿ ಎಂದರು. ಇನ್‌ಸ್ಪೆಕ್ಟರ್ ಕೇಳಿಸಿಕೊಂಡು ಠಾಣೆಗೆ ಹೊರಟಳು.

ಠಾಣೆಯಲ್ಲಿ ಪಟಾಕಿ ನೆಲ ನೋಡುತ್ತ ಕೂತಿದ್ದ.

"ನಿದ್ದೆ ಮಾಡಿಲ್ಲ ಮೇಡಂ. ಪಟಾಕಿ ಹೊಡೆದೆ. ಎದ್ದವು, ಆದ್ರೆ ದೂರ ಹೋಗ್ಲಿಲ್ಲ. ಗೋಡೆ ಮೇಲೆ ಸಾಲಾಗಿ ಕೂತ್ವು. ಕೆಲವು ದಿನದಿಂದ ಹೀಗೇ. ಯಾರದೋ ದಾರಿ ಕಾಯ್ತಾ ಇದ್ದ ಹಾಗೆ."

"ಯಾರದು?"

"ಅದು ಗೊತ್ತಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ?"

\* \* \*

ನಿಲ್ದಾಣದ ಗೋಡೆಗೆ ಅಂಟಿದ ಬೀದಿಯಲ್ಲಿ ಮಾಂಸದ ಅಂಗಡಿಗಳು. ನಗರಸಭೆಯವರು ಆಗಲೇ ಬೀಗ ಜಡಿದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಅಂಗಡಿಯಾಕೆಯೊಬ್ಬಳು ಮುಚ್ಚಿದ ಬಾಗಿಲ ಮುಂದೆ ನಿಂತು, ತಲೆ, ಕಾಲು, ಕರುಳು ಎಲ್ಲವೂ ಮಾರಾಟವಾಗುತ್ತದೆ, ಗೋಡೆಯಾಚೆ ಎಸೆಯಲು ನಮಗೇನು ಹುಚ್ಚು ಹಿಡಿದಿದೆಯೇ ಎಂದು ಕೇಳಿದಳು. ಉತ್ತರ ಇದ್ದದ್ದು ಸತ್ತ ಹದ್ದಿನ ಹೊಟ್ಟೆಯಲ್ಲಿ.

ಪಶುವೈದ್ಯರು ತಟ್ಟೆಯಲ್ಲಿ ಚಿಮಟದಿಂದ ತುಂಡುಗಳನ್ನು ಬೇರೆ ಮಾಡಿ ತೋರಿಸಿದರು. ಕೋಳಿ ಮಾಂಸ. ಬೆಂದದ್ದು. ಮೂಳೆಯಿಲ್ಲ. ಎಲ್ಲವೂ ಹೆಚ್ಚುಕಡಿಮೆ ಒಂದೇ ಅಳತೆ. ಯಂತ್ರ ಕತ್ತರಿಸಿದ್ದು.

ಸಣ್ಣ ಕಂಪನಿ ತನ್ನ ವಿಮಾನಗಳಲ್ಲಿ ಬಿಸ್ಕತ್ತು, ನೀರು ಬಿಟ್ಟರೆ ಬೇರೇನೂ ಕೊಡುತ್ತಿರಲಿಲ್ಲ. ಬಿಸಿ ಊಟ ಇರುವುದು ದೂರದೇಶದ ವಿಮಾನಗಳಲ್ಲಿ, ಹೊಸ ನಿಲ್ದಾಣದಲ್ಲಿ. ಅಲ್ಲಿ ಉಳಿದ ಊಟವನ್ನು ಸುಟ್ಟುಹಾಕಬೇಕೆಂಬ ನಿಯಮವಿದೆ. ಹೊರದೇಶದ ರೋಗ ಹರಡಬಾರದು ಎಂದು. ಸುಡಬೇಕಾದ್ದು ಊರು ದಾಟಿ ಹಳೇ ನಿಲ್ದಾಣದ ಹದ್ದಿನ ಹೊಟ್ಟೆ ಸೇರಿತ್ತು.

ಇದು ನಿರ್ಲಕ್ಷ್ಯವಲ್ಲ. ಯಾರೋ ಹದ್ದುಗಳಿಗೆ ಎಲೆ ಹಾಕಿ ಬಡಿಸಿದ್ದಾರೆ.

ಈ ಸುದ್ದಿ ಹೊರಬೀಳುತ್ತಿದ್ದಂತೆ ಸುರಕ್ಷಾಧಿಕಾರಿ ತಾನಾಗಿಯೇ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮೆಲುದನಿ. ಪಟಾಕಿಯ ಅಳಿಯ ದೊಡ್ಡ ಕಂಪನಿಯ ಅಡುಗೆಮನೆಯಲ್ಲೇ ಸಾಮಾನು ಹೊರುತ್ತಾನೆ, ನಿಮಗೆ ಗೊತ್ತಿರಲಿ ಎಂದು ಹೇಳಿ ಹೋದ. ವಿಚಾರಿಸಿದರೆ ನಿಜ. ನಿದ್ದೆಯ ಆರೋಪವಾಗಿದ್ದರೆ ಕೆಲಸ ಹೋಗುತ್ತಿತ್ತು. ಈಗಿನದು ಜೈಲಿನ ದಾರಿ. ಆ ದಾರಿಯನ್ನು ತೆರೆದದ್ದು ಆಕೆಯೇ ಹುಡುಕಿದ ಸುಳಿವು.

\* \* \*

ಮರುದಿನ ಬೆಳಿಗ್ಗೆ ರನ್‌ವೇ ಅಂಚಿಗೆ ಹೋಗಿ ನಿಂತಳು. ಆಕಾಶ ಖಾಲಿ. ಒಂದು ಹದ್ದೂ ಇಲ್ಲ. ಆಕೆ ಹಟ ಬಿಡದೆ ಅಲ್ಲೇ ಕಾದಳು. ನಾಲ್ಕು ಗಂಟೆಯ ಹೊತ್ತಿಗೆ ಒಂದೊಂದಾಗಿ ಬಂದವು. ಬಂದು ಗೋಡೆಯ ಮೇಲೆ ಕೂತವು. ಊಟದ ಗಂಟೆ ಕೇಳಿದ ಹಾಸ್ಟೆಲ್ ಮಕ್ಕಳಂತೆ.

ಪರೀಕ್ಷಾ ಹಾರಾಟ ನಡೆದದ್ದು ಇದೇ ಹೊತ್ತಿಗೆ. ಆದರೆ ಕೇಸಿನ ಕಾಗದದಲ್ಲಿ ಗೊತ್ತುಪಡಿಸಿದ್ದು ಬೆಳಿಗ್ಗೆಗೆ ಎಂದಿತ್ತಲ್ಲವೇ? ಕಂಟ್ರೋಲ್ ರೂಮಿನವರನ್ನು ಕೇಳಿದಳು. ಹೌದು, ಅಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮುಂದೆ ಹಾಕಿದರು, ಚಕ್ರ ಇನ್ನೊಮ್ಮೆ ಪರೀಕ್ಷೆಯಾಗಲಿ ಎಂದು ಸುರಕ್ಷಾಧಿಕಾರಿಯೇ ಹೇಳಿದರು ಎಂದರು. ಚಕ್ರದಲ್ಲಿ ದೋಷ ಸಿಕ್ಕಿತೇ? ಇಲ್ಲ.

ಇನ್‌ಸ್ಪೆಕ್ಟರ್ ಗೋಡೆಯತ್ತ ನೋಡಿದಳು. ಹದ್ದುಗಳಿಗೆ ಸಂಜೆಯ ಊಟ ಅಭ್ಯಾಸವಾಗಬೇಕಾದರೆ ದಿನಗಟ್ಟಲೆ ಹಿಡಿದಿರಬೇಕು. ಹಾರಾಟ ಸಂಜೆಗೆ ಹೋಗುತ್ತದೆಂದು ಅಷ್ಟು ಮುಂಚೆ ಯಾರಿಗೆ ಗೊತ್ತಿತ್ತು?

ಆ ಅಂಚಿನ ರಸ್ತೆಗೆ ಎರಡೇ ಗಾಡಿಗಳಿಗೆ ಪ್ರವೇಶ. ಪಟಾಕಿಯ ಹಳದಿ ವ್ಯಾನು, ಸುರಕ್ಷಾಧಿಕಾರಿಯ ಬಿಳಿ ಜೀಪು.

\* \* \*

ಮರುದಿನ ಅದೇ ಹೊತ್ತಿಗೆ ಎಲ್ಲರನ್ನೂ ಅಲ್ಲಿಗೆ ಕರೆಸಿದಳು. ನಿಲ್ದಾಣದ ಮ್ಯಾನೇಜರ್, ಪರವಾನಗಿ ಅಧಿಕಾರಿಗಳು, ಪಶುವೈದ್ಯರು, ಸುರಕ್ಷಾಧಿಕಾರಿ, ಕೋಳ ಹಾಕಿದ ಪಟಾಕಿ. ರನ್‌ವೇ ಮುಚ್ಚಿಸಿದ್ದಳು.

"ಇವತ್ತು ಗುರುತು ಹಿಡಿಸುವ ಪರೇಡು. ಸಾಕ್ಷಿಗಳು ಗೋಡೆ ಮೇಲಿದ್ದಾರೆ" ಎಂದಳು. ಯಾರೋ ನಕ್ಕರು.

ಮೊದಲು ಕಾನ್‌ಸ್ಟೇಬಲ್ ಹಳದಿ ವ್ಯಾನು ಓಡಿಸಿದ. ಹುಲ್ಲಿಗೆ ಇಳಿದಿದ್ದ ಹದ್ದುಗಳೂ ದಡಬಡನೆ ಎದ್ದು ಗೋಡೆ ಸೇರಿದವು. ವ್ಯಾನು ಹೋಗುವವರೆಗೆ ಕೆಳಗಿಳಿಯಲಿಲ್ಲ.

ಆಮೇಲೆ ಬಿಳಿ ಜೀಪಿನ ಕೀಲಿ ಕೇಳಿದಳು. ಸುರಕ್ಷಾಧಿಕಾರಿ ಕೊಡಲು ತುಸು ತಡಮಾಡಿದ. ಆಕೆ ತಾನೇ ಓಡಿಸಿಕೊಂಡು ಹೊರಟಳು. ಜೀಪು ತಿರುವಿನಲ್ಲಿ ಕಂಡದ್ದೇ ತಡ, ಗೋಡೆ ಖಾಲಿಯಾಯಿತು. ಹದ್ದುಗಳೆಲ್ಲ ಕಿರುಚುತ್ತ ಜೀಪಿನ ಮೇಲೆ ಸುತ್ತತೊಡಗಿದವು. ಒಂದು ಬಾನೆಟ್ ಮೇಲೇ ಬಂದು ಕೂತು, ಗಾಜಿನೊಳಗೆ ಇಣುಕಿತು. ಈಗ ಯಾರೂ ನಗಲಿಲ್ಲ.

ಇಳಿದು ಬಂದು ಆಕೆ ಬಿಡಿಸಿ ಹೇಳಿದಳು. ಬಡಿಸಿದವನು ಪಟಾಕಿಯಾಗಿದ್ದರೆ ಅವನ ವ್ಯಾನು ಕಂಡು ಹದ್ದುಗಳು ಓಡುತ್ತಿರಲಿಲ್ಲ. ಹಾರಾಟ ಸಂಜೆಗೆ ಹೋಗುವುದು ಅವನಿಗಾಗಲಿ ಅಳಿಯನಿಗಾಗಲಿ ಗೊತ್ತಿರಲೂ ಇಲ್ಲ. ಗೊತ್ತಿದ್ದದ್ದು ಮುಂದೆ ಹಾಕಿಸಿದವನಿಗೆ.

"ಹಕ್ಕಿ ಸಾಕ್ಷಿ ಹೇಳ್ತಂತೆ. ಕೋರ್ಟಲ್ಲಿ ನಗ್ತಾರೆ ಮೇಡಂ" ಎಂದ ಸುರಕ್ಷಾಧಿಕಾರಿ.

"ನಗಲಿ. ಜೀಪಿನ ಹಿಂದೆ ಒಂದು ಐಸ್ ಪೆಟ್ಟಿಗೆ ಇದೆ. ಯಾತಕ್ಕೆ?"

ಪೆಟ್ಟಿಗೆಯನ್ನು ಫಿನಾಯಿಲ್ ಹಾಕಿ ತೊಳೆದಿದ್ದ. ಮುಚ್ಚಳದ ರಬ್ಬರಿನ ಸಂದಿ ತೊಳೆದಿರಲಿಲ್ಲ. ಅಲ್ಲಿ ಸಿಕ್ಕಿಕೊಂಡಿದ್ದ ಎಳೆಯನ್ನು ಪಶುವೈದ್ಯರು ಚಿಮಟದಿಂದ ಎತ್ತಿದರು. ಬೆಂದ ಕೋಳಿ.

ಅವನ ಮೆಲುದನಿ ಇನ್ನೂ ಮೆತ್ತಗಾಯಿತು. ದೊಡ್ಡ ಕಂಪನಿಯಲ್ಲಿ ದೊಡ್ಡ ಹುದ್ದೆಯ ಮಾತಾಗಿತ್ತು, ಅಡುಗೆಮನೆಯ ಮ್ಯಾನೇಜರ್ ಪೆಟ್ಟಿಗೆ ತುಂಬಿಸಿ ಕೊಡುತ್ತಿದ್ದ ಎಂದು ಒಪ್ಪಿಕೊಂಡ.

"ಯಾರಿಗೂ ಏನೂ ಆಗ್ಬಾರದು ಅಂತಲೇ ಇತ್ತು. ಹದ್ದು ನೋಡಿ ಹಾರಾಟ ನಿಲ್ಲಿಸ್ತಾರೆ, ಪರವಾನಗಿ ತಪ್ಪುತ್ತೆ ಅಷ್ಟೇ ಅಂದ್ಕೊಂಡೆ."

"ನಿಲ್ಲಿಸಬೇಕಾದವರು ನೀವೇ ಆಗಿದ್ರಲ್ಲ" ಎಂದಳು ಇನ್‌ಸ್ಪೆಕ್ಟರ್.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಪಟಾಕಿಯ ಕೈಯಿಂದ ಬಿಚ್ಚಿದ ಕೋಳವನ್ನೇ ಕಾನ್‌ಸ್ಟೇಬಲ್ ಸುರಕ್ಷಾಧಿಕಾರಿಗೆ ತೊಡಿಸಿದ.

\* \* \*

ದೊಡ್ಡ ಕಂಪನಿ, ಆತ ಯಾರೆಂದೇ ನಮಗೆ ಗೊತ್ತಿಲ್ಲ ಎಂದಿತು. ಅಡುಗೆಮನೆಯ ಮ್ಯಾನೇಜರ್ ಸಿಕ್ಕಿಬಿದ್ದ. ಅವನ ಮೇಲಿನವರು ವಕೀಲರ ಹಿಂದೆ ಅಡಗಿದರು. ಇನ್‌ಸ್ಪೆಕ್ಟರ್ ಅವರ ಹೆಸರನ್ನೂ ಕೇಸಿಗೆ ಸೇರಿಸಿದಳು. ಮೇಲಧಿಕಾರಿ ಫೋನ್ ಮಾಡಿದಾಗ ಎತ್ತಲಿಲ್ಲ.

ಪಟಾಕಿಯನ್ನು ಬಿಡುವ ದಿನ ನಿಲ್ದಾಣದ ಮ್ಯಾನೇಜರ್ ಠಾಣೆಗೆ ಬಂದಿದ್ದರು. ನಾಳೆಯಿಂದ ಕೆಲಸಕ್ಕೆ ಬಾ, ಆಗಿದ್ದು ಆಯ್ತು ಎಂದು ಭುಜ ತಟ್ಟಿದರು. ಪಟಾಕಿ ಆ ಕೈಯನ್ನೇ ನೋಡಿದ.

"ಆಗಿದ್ದು ಆಯ್ತು ಅಂತ ನನಗೆ ಹೇಳಿದ್ರಿ ಸಾರ್. ನಾನು ನಿದ್ದೆ ಮಾಡ್ತಿರ್ಲಿಲ್ಲ ಅಂತ ಆ ಹುಡುಗಿ ತಾಯಿಗೆ ಯಾರಾದ್ರೂ ಹೇಳಿದ್ರಾ?"

ಮ್ಯಾನೇಜರ್ ಇನ್‌ಸ್ಪೆಕ್ಟರ್ ಮುಖ ನೋಡಿದರು. ಯಾರೂ ಹೇಳಿರಲಿಲ್ಲ. ನಿದ್ದೆ ಹೊಡೆದ ಎಂದು ಬೆಳಗಿನಿಂದ ಸಂಜೆಯವರೆಗೆ ಕೂಗಿದ ಟಿವಿಗೂ ಅದನ್ನು ಹೇಳಲು ಪುರುಸೊತ್ತಾಗಿರಲಿಲ್ಲ.

ಇನ್‌ಸ್ಪೆಕ್ಟರ್ ಎದ್ದು ಹೊರಗೆ ಬಂದು ಪೊಲೀಸ್ ಜೀಪಿನ ಮುಂದಿನ ಬಾಗಿಲು ತೆಗೆದಳು. ಅಂದು ಅವನನ್ನು ಹಿಡಿದು ತಂದದ್ದು ಹಿಂದಿನ ಸೀಟಿನಲ್ಲಿ.

"ಹತ್ತಿ ಯಜಮಾನ್ರೇ. ಆಸ್ಪತ್ರೆಗೆ ಹೋಗೋಣ. ನಾನೇ ಹೇಳ್ತೀನಿ."